ಷೀಲ್ಡಿನ ಮೇಲೆ ಬರೆಯದ ಪದ

ಬುಳುಕ್, ಬುಳುಕ್, ಬುಳುಕ್. ಬಾಯಿ ಕಿರಿದಾದ ಗುಡಾಣವನ್ನು ಒಮ್ಮೆಲೇ ಬಗ್ಗಿಸಿದರೆ ಒಳಗಿದ್ದದ್ದು ಹೀಗೆ ತಡೆದು ತಡೆದು ಹೊರಬರುತ್ತದೆ. ಚನ್ನಗಿರಿಯ ನಮ್ಮ ಮನೆಯ ಹಿತ್ತಲಲ್ಲಿ, ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮದುವೆಯಾಗಿ ಬಂದು ಇಪ್ಪತ್ತು ದಿನವಾಗಿದ್ದ ನಾನು ಆ ಸದ್ದು ಕೇಳುತ್ತಾ ಬಹಳ ಖುಷಿಯಲ್ಲಿದ್ದೆ. ಮೋರಿಯ ತುಂಬ ಕಡುಗೆಂಪು ನೀರು ಹರಿಯುತ್ತಿತ್ತು. ಅದರ ಮೇಲೆ ಬೂದುಬಣ್ಣದ ಬೂಷ್ಟು ತೇಲಿ ಹೋಗುತ್ತಿತ್ತು. ನಿಂತ ನೀರಿನಲ್ಲಿ ಸೊಳ್ಳೆಗಳು ಮೊಟ್ಟೆಯಿಡುತ್ತವೆ ಎಂದು ಕಾನ್ವೆಂಟಿನ ಹೈಜೀನ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿದ್ದರಲ್ಲ, ಅದನ್ನು ನಾನು ಆ ದಿನ ಪ್ರಾಕ್ಟಿಕಲ್ ಆಗಿ ಮಾಡಿ ತೋರಿಸುತ್ತಿದ್ದೆ.

ಆ ಗುಡಾಣದ ವಿಷಯವನ್ನು ಐವತ್ತು ವರ್ಷ ನಾನು ಯಾರಿಗೂ ಹೇಳಲಿಲ್ಲ. ಈಗ ಮೂರು ವರ್ಷದ ಹಿಂದೆ ಹೇಳಬೇಕಾಗಿ ಬಂದದ್ದು ಒಂದು ಷೀಲ್ಡಿನ ದೆಸೆಯಿಂದ.

ನಾವು ಹೊನ್ನಾಳಿಗೆ ಬಂದು ನೆಲೆಸಿ ಬಹಳ ವರ್ಷವಾಯಿತು. ಇಲ್ಲಿಂದ ದಿನಾ ಬಸ್ಸಿನಲ್ಲಿ ನ್ಯಾಮತಿಗೆ ಹೋಗಿ ಅಲ್ಲಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ರಿಟೈರ್ ಆದರೂ ಇಂಗ್ಲಿಷ್ ನನ್ನನ್ನು ಬಿಡಲಿಲ್ಲ. ಮದುವೆ ಕಾರ್ಡು, ಬ್ಯಾಂಕಿನ ಅರ್ಜಿ, ಅಂಗಡಿಯ ಬೋರ್ಡು, ಎಲ್ಲಕ್ಕೂ ಜನ ಬರುತ್ತಾರೆ. ಆ ದಿನ ಬೈಕಿನಲ್ಲಿ ಬಂದವನು ನನ್ನ ಹಳೆಯ ಸ್ಟೂಡೆಂಟು. ಈಗ ನ್ಯಾಮತಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ತಲೆ ಅರ್ಧ ಬೋಳಾಗಿದೆ.

"ಮೇಡಂ, ಒಂದು ಇಂಗ್ಲಿಷ್ ಬೇಕಾಗೈತ್ರಿ."

"ಒಂದು ಇಂಗ್ಲಿಷಾ? ಮೂರು ವರ್ಷ ಕಲಿಸಿದೆನಲ್ಲೋ, ಅದೆಲ್ಲ ಎಲ್ಲಿ ಹೋಯ್ತು?"

"ಅದು ಪರೀಕ್ಷೆಲೇ ಖಾಲಿ ಆತು ಬಿಡ್ರಿ."

ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯಲ್ಲಿ ಒಂದು ಫಂಕ್ಷನ್ ಇಟ್ಟುಕೊಂಡಿದ್ದರು. ಶಾಲೆಗೆ ಕುಡಿಯುವ ನೀರಿನ ಫಿಲ್ಟರ್ ಕೊಡಿಸಿದ ಒಬ್ಬ ಯಜಮಾನರಿಗೆ ಸನ್ಮಾನ. ಷೀಲ್ಡಿನ ಮೇಲೆ ಏನು ಬರೆಸಬೇಕೆಂದು ಫೋನನ್ನು ಕೇಳಿದ್ದಾನೆ, ಫೋನು 'ಮ್ಯಾಗ್ನಾನಿಮಸ್ ಡೋನರ್' ಎಂದು ಕೊಟ್ಟಿದೆ. ಸ್ಪೆಲ್ಲಿಂಗ್ ಸರಿಯಿದೆಯೇ ಎಂದು ನೋಡಿಸಲು ಬಂದಿದ್ದ. ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು.

"ಈ ಪದ ಬೇಡ. ಜೆನರಸ್ ಅಂತ ಬರೆಸು."

"ಅದು ಗಿಡ್ಡ ಆತಲ್ರೀ. ಇದು ನೋಡ್ರಿ, ಷೀಲ್ಡಿನ ಈ ತುದಿಯಿಂದ ಆ ತುದಿಗೆ ಬರತೈತೆ."

"ಉದ್ದ ಇದೆ ಅಂತ ಹಾಕ್ತೀಯಾ?"

"ಫಿಲ್ಟರೂ ಸಣ್ಣದೇನಲ್ರೀ ಮೇಡಂ. ಐನೂರು ಮಕ್ಕಳಿಗೆ ಆಗತೈತೆ."

ಅವನಿಗೆ ತಿಳಿಸಿ ಹೇಳಿದೆ. ಇದ್ದವರು ತಮ್ಮಲ್ಲಿರುವುದನ್ನು ಕೈಯೆತ್ತಿ ಕೊಟ್ಟರೆ ಅದು ಜೆನರಸ್, ಅದೂ ಒಳ್ಳೆಯದೇ. ಮ್ಯಾಗ್ನಾನಿಮಸ್ ಎಂದರೆ ಬೇರೆ. ನಿನಗೆ ಒಬ್ಬರಿಂದ ಕೆಡುಕಾಗಿದೆ, ತಿರುಗಿ ಕೊಡುವ ಮಾತು ನಿನ್ನ ನಾಲಿಗೆಯ ತುದಿಯಲ್ಲೇ ಇದೆ, ಅದನ್ನು ನೀನು ನುಂಗಿಕೊಳ್ಳುತ್ತೀಯ, ನುಂಗಿದ್ದು ಯಾರಿಗೂ ತಿಳಿಯದ ಹಾಗೆ ನುಂಗುತ್ತೀಯ. ಅವನು ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು, ಒಂಬತ್ತನೇ ಕ್ಲಾಸಿನಲ್ಲಿ ಎಂದೂ ಕೇಳದಷ್ಟು ಗಮನವಿಟ್ಟು ಕೇಳಿದ.

"ಹಂಗಾದ್ರೆ ಈ ಪದಕ್ಕೆ ತಕ್ಕೋರು ಯಾರಾದ್ರೂ ಅದಾರೇನ್ರಿ ಮೇಡಂ? ಇದ್ರೆ ಹೇಳ್ರಿ. ಅವ್ರನ್ನೂ ಸ್ಟೇಜಿಗೆ ಕರೆದು ಒಂದು ಶಾಲು ಹೊದಿಸಿಬಿಡಾನ."

ನಾನು ಚಹಾ ಮಾಡುತ್ತೇನೆಂದು ಒಳಗೆ ಎದ್ದು ಹೋದೆ. ಅವನು ಜೆನರಸ್ ಬರೆದುಕೊಂಡು, ಅರ್ಧ ಮನಸ್ಸಿನಿಂದಲೇ ಹೊರಟುಹೋದ.

ಈ ಪದ ನನಗೆ ಸಿಕ್ಕಿದ್ದು ಕಾನ್ವೆಂಟಿನಲ್ಲಿ. ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ಬರೆದು, ಮ್ಯಾಗ್ನಸ್ ಎಂದರೆ ದೊಡ್ಡದು, ಆನಿಮಸ್ ಎಂದರೆ ಮನಸ್ಸು, ಲ್ಯಾಟಿನ್ ಭಾಷೆಯದು ಎಂದರು. ಸ್ವಂತ ವಾಕ್ಯದಲ್ಲಿ ಬಳಸಿ ಎಂದರು. ಕ್ಲಾಸಿನ ಮೂವತ್ತು ಹುಡುಗಿಯರೂ ಒಬ್ಬ ರಾಜನನ್ನು ಹಿಡಿದು ತಂದು, ಅವನಿಂದ ಶತ್ರುವಿಗೆ ಕ್ಷಮೆ ಕೊಡಿಸಿದೆವು. ಸಿಸ್ಟರ್ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತಾ, "ಗರ್ಲ್ಸ್, ನಿಮ್ಮ ಮನೆಯಲ್ಲಿ ರಾಜರಿದ್ದಾರಾ? ನೀವು ನೋಡಿದವರ ಬಗ್ಗೆ ಬರೆಯಿರಿ" ಎಂದರು. ಬೆಲ್ ಹೊಡೆಯಿತು. ನಾನು ಬರೆಯಲಿಲ್ಲ.

ಅದೇ ಮಾತು ಕನ್ನಡದಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. 'ದೊಡ್ಡ ಮನಸ್ಸು ಮಾಡ್ರಿ' ಎನ್ನುತ್ತಾರೆ, ಬಸ್ಸಿನಲ್ಲಿ ಸೀಟಿಗೆ, ತಾಲ್ಲೂಕಾಫೀಸಿನಲ್ಲಿ ಸಹಿಗೆ, ಸಂಬಂಧ ಮುರಿಯುವ ಹೊತ್ತಿಗೆ ಬೀಗರ ಮುಂದೆ. ಔದಾರ್ಯ ಎಂಬುದು ಸನ್ಮಾನಪತ್ರದ ಪದ, ಗಾಜು ಚೌಕಟ್ಟು ಹಾಕಿಸಿಕೊಂಡೇ ಮನೆಗೆ ಬರುತ್ತದೆ. ಧಾರಾಳ ಎಂಬುದು ತುಪ್ಪ ಬಡಿಸುವ ಕೈಗೆ. ದೊಡ್ಡ ಮನಸ್ಸು ಮಾತ್ರ ಓಣಿಯಲ್ಲಿ ಓಡಾಡಿಕೊಂಡಿದೆ. ಆದರೆ ನಾನು ಕಂಡಷ್ಟು ಪಂಚಾಯ್ತಿಗಳಲ್ಲಿ ಆ ಮಾತನ್ನು ಹೇಳುವುದು ಹೊಡೆದವನಿಗಲ್ಲ, ಹೊಡೆಸಿಕೊಂಡವನಿಗೆ. 'ಆಗಿದ್ದಾತು, ನೀನೇ ದೊಡ್ಡ ಮನಸ್ಸು ಮಾಡು' ಎಂದು ನಾಲ್ಕು ಜನ ಸುತ್ತ ಕೂತು ಅವನಿಂದ ಕಿತ್ತುಕೊಳ್ಳುತ್ತಾರೆ. ಯಾರೂ ಕೇಳದೆ, ಯಾರೂ ಸುತ್ತ ಕೂರದೆ, ಒಬ್ಬ ಹೆಂಗಸು ಹಾಗೆ ಮಾಡಿದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಅದು ನನಗಾಗಿಯೇ ಮಾಡಿದ್ದು.

ಆಕೆ ಚನ್ನಗಿರಿಯಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯವರು. ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ, ನಮ್ಮತ್ತೆ ಬೂಬಮ್ಮ ಎನ್ನುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರ ಗಂಡ ಖೇಣಿ ಮಾಡುತ್ತಿದ್ದರು, ಎಂದರೆ ತೋಟದ ಅಡಿಕೆಯನ್ನು ಮರದ ಮೇಲಿರುವಾಗಲೇ ಮಾತಾಡಿ ಹಿಡಿದು, ಕೊಯ್ಸಿ ತಂದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು. ನಾನು ಮದುವೆಯಾಗಿ ಬರುವ ನಾಲ್ಕು ತಿಂಗಳ ಮೊದಲು ಆ ಮನುಷ್ಯ ತೀರಿಕೊಂಡಿದ್ದರು. ಹತ್ತು ವರ್ಷದ ಒಬ್ಬ ಮಗಳು. ಆಪಾ ತಾವೇ ಖೇಣಿ ನಡೆಸುತ್ತೇನೆಂದು ಹೊರಟಾಗ ಗಂಡನ ಅಣ್ಣ ಒಂದು ಶರತ್ತು ಹಾಕಿದ್ದರು: ಮೊದಲ ಹಂಡೆ ನೀನೇ ಬೇಯಿಸು, ಬಣ್ಣ ಬಂದರೆ ಮುಂದುವರಿಸು, ಬರದಿದ್ದರೆ ಹಂಡೆ ನನಗೆ ಒಪ್ಪಿಸು. ಓಣಿಗೆಲ್ಲ ಈ ಮಾತು ಗೊತ್ತಿತ್ತು. ನನಗೂ ಗೊತ್ತಿತ್ತು. ನನಗೆ ಗೊತ್ತಿಲ್ಲದ್ದು ಬಣ್ಣ ಎಲ್ಲಿಂದ ಬರುತ್ತದೆ ಎಂಬುದು.

ಅದು ಚೊಗರಿನಿಂದ ಬರುತ್ತದೆ. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ ಅದು. ಅದನ್ನು ಕಾಯಿಸಿ ಗಟ್ಟಿ ಮಾಡಿ ಸೀಸನ್ನಿನ ಕೊನೆಗೆ ಗುಡಾಣದಲ್ಲಿ ತುಂಬಿಡುತ್ತಾರೆ, ಮುಂದಿನ ವರ್ಷದ ಮೊದಲ ಹಂಡೆಗೆ ಸುರಿಯಲು. ಮೊಸರಿಗೆ ಹೆಪ್ಪು ಹೇಗೋ ಹಾಗೆ. ಆಪಾ ಅವರ ಅಂಗಳದಲ್ಲಿ ದಿನವೆಲ್ಲ ಬಿಸಿಲು, ಅಡಿಕೆ ಒಣಗಿಸಲು ಒಳ್ಳೆಯದು, ಚೊಗರು ಇಡಲು ಅಲ್ಲ. ಹಾಗಾಗಿ ಅವರ ಗಂಡ ಬದುಕಿದ್ದಾಗ ತಮ್ಮ ಕೈಯಾರೆ ಕಾಯಿಸಿದ ಚೊಗರನ್ನು ನಮ್ಮ ಹಿತ್ತಲಿನ ನೆರಳಲ್ಲಿ ತಂದಿಟ್ಟಿದ್ದರು.

ನಮ್ಮತ್ತೆ ಆ ದಿನ ತ್ಯಾವಣಿಗೆಗೆ ಹೋಗಿದ್ದರು, ನೆಂಟರ ಮನೆಯ ತೊಟ್ಟಿಲು ಶಾಸ್ತ್ರಕ್ಕೆ. ಅವರು ಬರುವುದರೊಳಗೆ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಕಿ ನನಗೆ. ಹಿಂದಿನ ವಾರ ಕೈಯಲ್ಲಿ ಪುಸ್ತಕ ಹಿಡಿದು ನಿಂತು ಒಂದು ಪಾತ್ರೆ ಹಾಲು ಉಕ್ಕಿಸಿ ಒಲೆ ಆರಿಸಿದ್ದೆ. "ಕಾನ್ವೆಂಟ್ ಸೊಸೆ, ಒಲೆಗೂ ಪಾಠ ಓದಿ ಹೇಳ್ತಾಳೆ" ಎಂದು ಅತ್ತೆ ಬಂದವರ ಮುಂದೆಲ್ಲ ಆಡಿದ್ದರು. ಅದಕ್ಕೇ ಹಿತ್ತಲು ಗುಡಿಸಿದೆ, ಬಟ್ಟೆ ಒಗೆಯುವ ಕಲ್ಲು ಉಜ್ಜಿದೆ, ನಾತ ಹೊಡೆಯುತ್ತಿದ್ದ ಗುಡಾಣವನ್ನು ಮೋರಿಗೆ ಬಗ್ಗಿಸಿದೆ. ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಕೈ ಹೋದಷ್ಟೂ ದೂರ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದೆ.

ಮಧ್ಯಾಹ್ನ ಆಪಾ ತಾಮ್ರದ ಕೊಡ ಹಿಡಿದುಕೊಂಡು ಗೋಡೆಯ ಸಂದಿಯಿಂದ ಬಂದರು. ನಾಡಿದ್ದು ಮೊದಲ ಹಂಡೆ. ಹಿಂದೆಯೇ ಮಗಳು.

"ನೋಡಿ ಆಪಾ," ನಾನು ಎದುರಿಗೆ ಹೋದೆ, "ನಿಮ್ಮ ಗುಡಾಣ ಎಷ್ಟು ಕ್ಲೀನ್ ಮಾಡಿದೀನಿ!"

ಆಪಾ ಗುಡಾಣ ನೋಡಿದರು, ಮೋರಿ ನೋಡಿದರು, ಮೊಣಕೈವರೆಗೆ ಕೆಂಪಾಗಿದ್ದ ನನ್ನ ಕೈ ನೋಡಿದರು. ನಾನು ನಗುತ್ತಲೇ ಇದ್ದೆ. ಅಷ್ಟರಲ್ಲಿ ನಮ್ಮತ್ತೆ ತ್ಯಾವಣಿಗೆಯಿಂದ ಬಂದವರು ಕಾಲು ತೊಳೆಯಲು ಹಿತ್ತಲಿಗೇ ಬಂದರು.

"ಏನಿದು ಮೋರಿ ತುಂಬ ಕೆಂಪು? ಅಯ್ಯಯ್ಯೋ, ಚೊಗರು! ಯಾರು ಚೆಲ್ಲಿದೋರು?"

"ನಾನೇ ಅಮ್ಮಾ," ಎಂದರು ಆಪಾ. ಯೋಚಿಸಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. "ಬೂಷ್ಟು ಬಂದು ವಾಸನೆ ಹಿಡಿದಿತ್ತು. ಕೆಟ್ಟೈತೆ ಅಂತ ಚೆಲ್ಲಿಬಿಟ್ಟೆ. ಈ ಹುಡುಗಿ ಪಾಪ, ನನಗೆ ಗುಡಾಣ ತೊಳಕೊಟ್ಲು."

"ಬೂಷ್ಟು ಬಂದ್ರೆ ಮೇಲಿಂದು ತೆಗೆದು ಕಾಯಿಸ್ಬೇಕು ಅನ್ನೋದು ನಿನಗೆ ತಿಳೀದೇನು? ನಿನ್ನ ಗಂಡ ಕೈಯಾರೆ ಮಾಡಿಟ್ಟಿದ್ದು ಕಣೆ ಅದು! ಚೆಲ್ಲಾಕೆ ಕೈ ಹೆಂಗೆ ಬಂತು? ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ ಬಿಡು, ಇದು ಹೆಂಗಸರ ಕೈಲಿ ಆಗೋದಲ್ಲ."

"ಹೌದಮ್ಮಾ. ತಿಳೀಲಿಲ್ಲ."

"ಅಬ್ಬಾದು ಚೆಲ್ಲಿದ್ಯಾ ಅಮ್ಮಿ?" ಎಂದಳು ಮಗಳು. ಅವಳು ತಾಯಿಯ ಸೆರಗು ಬಿಟ್ಟು, ಒಬ್ಬಳೇ ಗೋಡೆ ದಾಟಿ ಮನೆಗೆ ಹೋದಳು.

ನಾನು ಚೆಲ್ಲಿದ್ದು ಏನೆಂದು ನನಗೆ ತಿಳಿದದ್ದು ಆ ಮಾತುಗಳ ನಡುವೆ ನಿಂತಿದ್ದಾಗ. ಕಾನ್ವೆಂಟಿನ ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಎರಡು ಕಪ್ ಗೆದ್ದಿದ್ದ ನನ್ನ ಬಾಯಿಂದ ಒಂದಕ್ಷರ ಬರಲಿಲ್ಲ.

ಮಾರನೆಯ ದಿನ ಅವರ ಮನೆಗೆ ಹೋಗಿ ಅತ್ತು, "ಅತ್ತೆಗೆ ಎಲ್ಲ ಹೇಳಿಬಿಡ್ತೀನಿ ಆಪಾ" ಎಂದೆ. ಅವರು ಒಲೆಯ ಗುಂಡಿಗೆ ಕಟ್ಟಿಗೆ ಜೋಡಿಸುತ್ತಿದ್ದರು.

"ಹೇಳಿ ಏನು ಮಾಡ್ತಿ? ಹೋಗಿದ್ದು ಮೋರಿ ಹತ್ತಿ ವಾಪಸ್ ಬರತೈತಾ? ನನಗೆ ಈ ಓಣಿ ಹನ್ನೆರಡು ವರ್ಷದಿಂದ ಗೊತ್ತೈತೆ, ನಾಕು ಮಾತು ಅಂದ್ರೆ ತಡ್ಕೊಂತೀನಿ. ನೀನು ಬಂದು ಇನ್ನೂ ತಿಂಗಳಾಗಿಲ್ಲ. ಈಗ ಬಿದ್ದ ಹೆಸರು ಮುದುಕಿ ಆದ್ರೂ ಹೋಗಲ್ಲ ತಂಗಿ. ಏಳು, ಕಣ್ಣೊರೆಸ್ಕೊ. ಎರಡು ಮನೇಲಿ ಕೇಳೀನಿ, ಒಂದೊಂದು ಚೊಂಬು ಕೊಡ್ತಾರೆ. ನಡೆದುಹೋಗತೈತೆ."

ನಡೆಯಲಿಲ್ಲ. ಸೀಸನ್ನಿನ ಆರಂಭದಲ್ಲಿ ಎಲ್ಲರ ಬಳಿಯೂ ಅವರವರಿಗೆ ಬೇಕಾದಷ್ಟೇ ಇರುತ್ತದೆ. ಎರಡು ಚೊಂಬಿನಲ್ಲಿ ಹಂಡೆಯ ನೀರು ಚಹಾದ ಬಣ್ಣಕ್ಕೆ ಬಂದು ನಿಂತುಹೋಯಿತು. ಬೆಂದ ಅಡಿಕೆಯನ್ನು ಅಂಗಳದಲ್ಲಿ ಹರಡಿದರು. ಎರಡು ಬಿಸಿಲು ಕಂಡ ಮೇಲೆ, ಕೆಂಪಾಗಬೇಕಾದದ್ದು ಹುರಿಗಡಲೆಯ ಬಣ್ಣಕ್ಕೆ ತಿರುಗಿತು. ಆಪಾ ಅವರ ಭಾವ ಬಂದರು. ಒಂದು ಹಿಡಿ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಕೆಟ್ಟ ಮನುಷ್ಯರೇನಲ್ಲ, ದನಿಯನ್ನೂ ಏರಿಸಲಿಲ್ಲ.

"ಹಂಡೆ ತಗೊಂಡು ಹೋಗ್ತೀನಮ್ಮಾ. ನೀನು ಮಗಳನ್ನ ನೋಡ್ಕೊ."

ಗೋಡೆಯ ಈಚೆ ಬಟ್ಟೆ ಒಣಗಿಸುತ್ತಾ ನಾನು ನಿಂತಿದ್ದೆ. ಆಗ ನಾನು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ತಪ್ಪು ಆಕೆಯ ಕೈಯದ್ದಲ್ಲ ಎಂದು ಗೊತ್ತಾದರೆ ಆ ಮನುಷ್ಯ ಇನ್ನೊಂದು ಹಂಡೆಗೆ ಅವಕಾಶ ಕೊಡುತ್ತಿದ್ದರೋ ಏನೋ. ಆಪಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಒದ್ದೆ ಸೀರೆಯನ್ನು ಹಗ್ಗದ ಮೇಲೆ ಎಳೆದು ನಮ್ಮಿಬ್ಬರ ನಡುವೆ ಬಿಟ್ಟುಕೊಂಡೆ. ಮೊದಲ ದಿನ ನನ್ನ ಹೆಸರು ಉಳಿದದ್ದು ಆಕೆ ಕೊಟ್ಟಿದ್ದು. ಈ ದಿನ ಉಳಿದದ್ದು ನಾನು ಕಸಿದುಕೊಂಡದ್ದು. ಅವೆರಡನ್ನೂ ನಾನು ಎಂದೂ ಬೆರೆಸಿ ನೋಡಿಲ್ಲ.

ಆಪಾ ಹಂಡೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ ಕೊಟ್ಟು ಕಳಿಸಿದರು. ಆ ವರ್ಷದಿಂದ ಬೇರೆಯವರ ಅಂಗಳಗಳಲ್ಲಿ ಅಡಿಕೆ ಸುಲಿಯುವ ಹೆಂಗಸರ ಸಾಲಿನಲ್ಲಿ ಕೂತರು. ಸಂಜೆ ಅವರ ಮಗಳನ್ನು ಕರೆದು ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಎಸ್ಸೆಸ್ಸೆಲ್ಸಿವರೆಗೂ ಹೇಳಿಕೊಟ್ಟೆ. ತೀರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಹುಡುಗಿ ಚುರುಕು. ಆದರೆ ತಾಯಿಯ ಮಾತು ಬಂದರೆ ಮುಖ ಬಿಗಿದುಕೊಳ್ಳುತ್ತಿದ್ದಳು. ನಮ್ಮತ್ತೆ ಕೊನೆಯವರೆಗೂ ನನ್ನನ್ನು, ಪರವಾಗಿಲ್ಲ, ಕಲಿತುಕೊಂಡಳು ಎಂದೇ ಹೇಳುತ್ತಿದ್ದರು. ಆಮೇಲೆ ನಾವು ಹೊನ್ನಾಳಿಗೆ ಬಂದೆವು. ಮಗಳ ಮದುವೆಯಾಗಿ ಆಪಾ ಅವಳ ಜೊತೆ ಜಗಳೂರಿಗೆ ಹೋದರು. ಹಬ್ಬಕ್ಕೆ ಫೋನು, ಅಷ್ಟೇ.

ಹಾರ್ಡ್‌ವೇರ್ ಅಂಗಡಿಯವನು ಕೇಳಿಹೋದ ಮೇಲೆ ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ಐವತ್ತು ವರ್ಷ ಆ ಪದವನ್ನು ಆಕೆಗೆಂದೇ ತೆಗೆದಿಟ್ಟುಕೊಂಡಿದ್ದೆ ಸರಿ. ಆದರೆ ಆಕೆ ಹಾಗೆ ಎಂದು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಆಕೆಯ ಮಗಳಿಗೇ ಗೊತ್ತಿರಲಿಲ್ಲ. ಆಪಾಗೆ ಎಂಬತ್ತು ದಾಟಿತ್ತು. ಐದನೆಯ ದಿನ ದಾವಣಗೆರೆ ಬಸ್ಸು ಹತ್ತಿ, ಅಲ್ಲಿ ಬದಲಾಯಿಸಿ, ಜಗಳೂರಿಗೆ ಹೋದೆ.

ಮಗಳು ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗ್ ಇಟ್ಟುಕೊಂಡಿದ್ದಾಳೆ. ಅವಳಿಗೂ ಅರವತ್ತು, ಕನ್ನಡಕ ಮೂಗಿನ ತುದಿಗೆ. ಆಪಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬ್ಲೌಸುಗಳಿಗೆ ಹುಕ್ಕು ಹೊಲಿಯುತ್ತಿದ್ದರು. ಸೊರಗಿ ಸಣ್ಣಗಾಗಿದ್ದರು, ಕಣ್ಣು ಮಾತ್ರ ಹಾಗೇ ಇತ್ತು.

"ನಮ್ಮ ಇಂಗ್ಲಿಷಮ್ಮ ಬಂದ್ಲು ನೋಡು! ಏನವ್ವ, ತಲೆಗೆ ಬಣ್ಣ ಹಚ್ಚಾದು ಬಿಟ್ಟೇನು?"

"ಎಂದೋ ಬಿಟ್ಟೆ ಆಪಾ."

"ಒಳ್ಳೇದಾತು. ಈಗ ನನಗಿಂತ ಸಣ್ಣೋಳು ಅಂತ ಯಾರೂ ಅನ್ನಂಗಿಲ್ಲ."

ಚಹಾ ಬಂತು. ಆಪಾ ಲೋಟ ಎತ್ತಿಕೊಳ್ಳುವಾಗ ಸ್ವಲ್ಪ ಬ್ಲೌಸಿನ ಮೇಲೆ ತುಳುಕಿತು. ಮಗಳು ಬಟ್ಟೆ ಕಸಿದುಕೊಂಡು ನನ್ನತ್ತ ತಿರುಗಿ ನಕ್ಕಳು. "ಚೆಲ್ಲಾದು ಅಮ್ಮಿಗೆ ಹೊಸದಲ್ಲ ಬಿಡ್ರಿ ಆಂಟಿ. ಅಬ್ಬಾನ ಚೊಗರನ್ನೇ ಬಿಡ್ಲಿಲ್ಲ."

ನಗುತ್ತಲೇ ಹೇಳಿದಳು. ಆ ಮಾತು ಆ ಮನೆಯಲ್ಲಿ ಎಷ್ಟು ಸಲ ಆಗಿಹೋಗಿದೆ ಎಂಬುದು ಆಪಾ ತಲೆಯೆತ್ತದೆ ಇನ್ನೊಂದು ಬ್ಲೌಸಿಗೆ ಹುಕ್ಕು ಹುಡುಕಿದ ರೀತಿಯಲ್ಲೇ ತಿಳಿಯುತ್ತಿತ್ತು.

"ಅದನ್ನು ಚೆಲ್ಲಿದ್ದು ನಿಮ್ಮಮ್ಮ ಅಲ್ಲ," ಎಂದೆ. "ನಾನು."

ಎಲ್ಲ ಹೇಳಿದೆ. ಮೋರಿ, ಬೂದಿ, ನನ್ನ ಕೈ, ಹಗ್ಗದ ಮೇಲಿನ ಸೀರೆ. ಮಗಳ ಕಾಲು ಮೆಷಿನ್ನಿನ ಪೆಡಲಿನ ಮೇಲೆ ನಿಂತುಹೋಗಿತ್ತು.

"ಸುಳ್ಳು," ಎಂದರು ಆಪಾ. "ಈಕೆಗೆ ವಯಸ್ಸಾತು. ಏನೇನೋ ಹೇಳ್ತಾಳೆ."

"ನನಗಿಂತ ನೀವೇ ದೊಡ್ಡೋರಲ್ಲ ಆಪಾ."

"ಅಮ್ಮಿ, ಖರೇನಾ?"

ಆಪಾ ದಾರ ಹಲ್ಲಿನಲ್ಲಿ ಕಡಿದರು. "ಹೋಗ್ಲಿ ಬಿಡೆ. ಆಗ ಈಕೆಗೆ ಸೀರೆ ಉಡಾಕೂ ಬರ್ತಿರಲಿಲ್ಲ."

"ನನಗಾದ್ರೂ ಹೇಳ್ಬಹುದಿತ್ತು."

"ಹತ್ತು ವರ್ಷದೋಳು ನೀನು. ನಿನಗೆ ಹೇಳಿದ್ರೆ ಓಣಿಗೆ ಡಂಗುರ ಸಾರಿದಂಗೆ."

"ಆಮೇಲೆ? ಆಮೇಲೆ ನಾನು ದೊಡ್ಡೋಳಾಗ್ಲಿಲ್ವಾ?"

"ಆಮೇಲೆ ಈಕೆ ಹತ್ರ ಪಾಠಕ್ಕೆ ಹೋಗಾಕೆ ಹತ್ತಿದ್ದೆ. ಹೇಳಿದ್ರೆ ಹೋಗ್ತಿದ್ದೇನು ನೀನು? ನಿನ್ನ ಸಿಟ್ಟು ನನಗೆ ಗೊತ್ತಿಲ್ವಾ?"

ಮಗಳು ನನ್ನ ಕಡೆ ನೋಡಲಿಲ್ಲ, ನೋಡಬೇಕೆಂದು ನಾನು ಕೇಳುವ ಹಾಗೂ ಇರಲಿಲ್ಲ. ಕನ್ನಡಕ ತೆಗೆದಿಟ್ಟು ಎದ್ದಳು. ತಾಯಿಯ ಲೋಟದಲ್ಲಿದ್ದ ಆರಿದ ಚಹಾ ತೆಗೆದುಕೊಂಡು ಒಳಗೆ ಹೋದಳು. ಒಳಗೆ ಸ್ಟೋವ್ ಹತ್ತಿಸಿದ ಸದ್ದಾಯಿತು.

ನಾವಿಬ್ಬರೇ ಉಳಿದೆವು. ನ್ಯಾಮತಿಯ ಸ್ಟೇಜು, ಶಾಲು ಎಲ್ಲ ಹೇಳಿದೆ.

"ಈ ಸೆಖೇಲಿ ಶಾಲು ಯಾಕವ್ವ?"

"ನಿಮ್ಮಂಥೋರಿಗೆ ಇಂಗ್ಲಿಷಲ್ಲಿ ಒಂದು ಪದ ಇದೆ ಆಪಾ. ಮ್ಯಾಗ್ನಾನಿಮಸ್."

ಅವರು ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. "ಬಾಯಿ ತುಂಬ ಹಸಿ ಅಡಿಕೆ ಹಾಕ್ಕೊಂಡಂಗೆ ಆಗತೈತೆ." ಆಮೇಲೆ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೇಳಾದು ಬೇಡಿತ್ತು ನೀನು. ಅವಳು ರಾತ್ರಿಯೆಲ್ಲ ಅಳ್ತಾಳೆ." ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಆದ್ರೂ ಹೇಳಿದ್ದು ಚಲೋ ಆತು" ಎಂದರು. ಐವತ್ತು ವರ್ಷದಲ್ಲಿ ಆ ವಿಷಯದ ಬಗ್ಗೆ ತಮಗಾಗಿ ಅವರು ಆಡಿದ್ದು ಅದೊಂದೇ ಮಾತು.

ಹೊಸ ಚಹಾ ಬಂತು. ಮಗಳು ಅದನ್ನು ಮೊದಲು ತಾಯಿಗೆ ಕೊಟ್ಟಳು. ಕೊಟ್ಟು, ಲೋಟ ಬಿಡದೆ ತಾನೂ ಹಿಡಿದುಕೊಂಡೇ ಕುಡಿಸಿದಳು.

ಸಂಜೆ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಆಪಾ ಕುರ್ಚಿಯನ್ನು ಹೊಸ್ತಿಲ ಹೊರಗೆ ಹಾಕಿಸಿಕೊಂಡು ಕೂತಿದ್ದರು. ಮಗಳು ಹಿಂದೆ ನಿಂತು ಅವರ ತಲೆಯ ಮೇಲಿನ ಸೆರಗನ್ನು ಸರಿಮಾಡುತ್ತಿದ್ದಳು. ಸರಿಯಾಗಿದ್ದ ಸೆರಗನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದಳು. "ಸಾಕು ಬಿಡೆ" ಎಂಬಂತೆ ಆಪಾ ಅವಳ ಕೈಗೆ ಒಂದೇಟು ಕೊಟ್ಟರು. ಆಮೇಲೆ ಅದೇ ಕೈಯನ್ನು ನನ್ನ ಕಡೆ ಬೀಸಿದರು, ಹೋಗು ಹೋಗು, ಬಸ್ಸು ತಪ್ಪತೈತೆ ಎಂದು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.